ಆ ಪುಸ್ತಕವನ್ನು ಜಗಲಿಯಲ್ಲಿ ಕೂತು ಓದಿದೆ

ಮೊದಲ ಸಲ ಅದನ್ನು ಓದಲು ಹೊರಟಿದ್ದು ಮೊಬೈಲಿನಲ್ಲಿ, ರಾತ್ರಿ, ಕಂಬಳಿಯೊಳಗೆ. ಆಷಾಢದ ಜಡಿಮಳೆ. ತೀರ್ಥಹಳ್ಳಿ ಕಡೆಯ ಹಂಚಿನ ಮನೆಗಳಲ್ಲಿ ಆ ಮಳೆಗೆ ಪಕ್ಕದಲ್ಲಿ ಮಲಗಿದವರ ಮಾತೂ ಕೇಳುವುದಿಲ್ಲ. ಕರೆಂಟ್ ಸಂಜೆಯೇ ಹೋಗಿತ್ತು. ಎರಡೂವರೆವರೆಗೆ ಓದಿದೆ. ಬೆಳಿಗ್ಗೆ ಕಾವಲಿ ಮುಂದೆ ನಿಂತರೆ ದೋಸೆ ಹುಯ್ಯಲು ಕೈ ಬರಲಿಲ್ಲ. ಮೂರು ದಿನ ಊಟ ಸೇರಲಿಲ್ಲ. ಸ್ನಾನಕ್ಕೆ ತಡ ಮಾಡಿದಳು ಅಂತ ಮಗಳ ಮೇಲೆ ರೇಗಿಬಿಟ್ಟೆ. ಆಮೇಲೆ ಬಚ್ಚಲೊಲೆ ಮುಂದೆ ಕೂತು ಕಣ್ಣೀರು ಹಾಕಿದೆ. ಅರ್ಧಕ್ಕೇ ಬಿಟ್ಟೆ.

ಪುಸ್ತಕದ ಹೆಸರು 'ದಿ ಗರ್ಲ್ ನೆಕ್ಸ್ಟ್ ಡೋರ್'. ಜ್ಯಾಕ್ ಕೆಚಮ್ ಬರೆದಿದ್ದು, 1989ರಲ್ಲಿ ಬಂತು. ಅದರಲ್ಲಿ ದೆವ್ವ ಇಲ್ಲ, ಮಾಟ ಇಲ್ಲ. ಅಪ್ಪ ಅಮ್ಮನನ್ನು ಕಳೆದುಕೊಂಡ ಇಬ್ಬರು ಹುಡುಗಿಯರು ಸಂಬಂಧಿಕಳೊಬ್ಬಳ ಮನೆಗೆ ಬರುತ್ತಾರೆ. ಆ ಹೆಂಗಸು, ಅವಳ ಗಂಡುಮಕ್ಕಳು, ಆಮೇಲೆ ಬೀದಿಯ ಬೇರೆ ಮಕ್ಕಳು, ಎಲ್ಲ ಸೇರಿ ಅಕ್ಕನನ್ನು ನೆಲಮಾಳಿಗೆಯಲ್ಲಿ ಕಟ್ಟಿಹಾಕಿ ಹಿಂಸೆ ಕೊಡುತ್ತಾರೆ. ಕಥೆ ಹೇಳುವವನು ಪಕ್ಕದ ಮನೆಯ ಹುಡುಗ. ಅವನು ನೋಡುತ್ತಾನೆ.

ಇದಕ್ಕೆ ಆಧಾರವಾದ ಘಟನೆ ಇನ್ನೂ ಕಷ್ಟದ್ದು. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ 1965ರ ಅಕ್ಟೋಬರ್ 26ರಂದು ಸಿಲ್ವಿಯಾ ಲೈಕನ್ಸ್ ಎಂಬ 16 ವರ್ಷದ ಹುಡುಗಿ ಸತ್ತಳು. ಅಪ್ಪ ಅಮ್ಮ ಜಾತ್ರೆಗಳಲ್ಲಿ ವ್ಯಾಪಾರ ಮಾಡುತ್ತ ಊರೂರು ತಿರುಗುವವರು. ವಾರಕ್ಕೆ 20 ಡಾಲರ್ ಕೊಡುವ ಮಾತಿನ ಮೇಲೆ ಅವಳನ್ನೂ ಪೋಲಿಯೋ ಆಗಿದ್ದ ತಂಗಿಯನ್ನೂ ಒಬ್ಬ ಹೆಂಗಸಿನ ಮನೆಯಲ್ಲಿ ಬಿಟ್ಟಿದ್ದರು. ಮೂರು ತಿಂಗಳು ಚಿಲ್ಲರೆ. ಅಷ್ಟರಲ್ಲಿ ಮುಗಿದುಹೋಯಿತು.

ಬಿಟ್ಟ ಪುಸ್ತಕ ತಲೆಯಿಂದ ಹೋಗಲಿಲ್ಲ. ಎಂಟು ತಿಂಗಳಾದ ಮೇಲೆ ಅಚ್ಚಾದ ಪ್ರತಿಯನ್ನೇ ತರಿಸಿದೆ. ಈ ಸಲ ಓದುವ ಕ್ರಮ ಬದಲಾಯಿಸಿದೆ. ಇಂಥ ಪುಸ್ತಕ ಕೈಗೆತ್ತಿಕೊಳ್ಳುವವರಿಗೆ ಉಪಯೋಗಕ್ಕೆ ಬರಬಹುದು ಅಂತ ಬರೆಯುತ್ತಿದ್ದೇನೆ.

ಅದಕ್ಕೂ ಮೊದಲು ಕಣ್ಣು ಪಳಗಿಸಲು ಒಂದು ಸಣ್ಣ ಕಥೆ ಓದಿದೆ. ಶರ್ಲಿ ಜ್ಯಾಕ್ಸನ್ ಅವರ 'ದಿ ಲಾಟರಿ', 1948ರದ್ದು. ಒಂದು ಹಳ್ಳಿ. ವರ್ಷಕ್ಕೊಮ್ಮೆ ಚೀಟಿ ಎತ್ತುತ್ತಾರೆ. ಚೀಟಿ ಬಂದವರಿಗೆ ಊರೆಲ್ಲ ಸೇರಿ ಕಲ್ಲು ಹೊಡೆಯುತ್ತಾರೆ. ರಕ್ತದ ವರ್ಣನೆ ಇಲ್ಲವೇ ಇಲ್ಲ. ಆದರೆ ಚೀಟಿ ಬಂದ ಹೆಂಗಸಿಗೆ ಒಬ್ಬ ಪುಟ್ಟ ಮಗ ಇದ್ದಾನೆ. ಕೊನೆಯಲ್ಲಿ ಅವನ ಕೈಗೂ ಯಾರೋ ಒಂದಿಷ್ಟು ಸಣ್ಣ ಕಲ್ಲು ಕೊಡುತ್ತಾರೆ. ಅರ್ಧ ಗಂಟೆಯಲ್ಲಿ ಓದಿ ಮುಗಿಸಬಹುದು. ಇದನ್ನೇ ತಡೆದುಕೊಳ್ಳಲು ಆಗುವುದಿಲ್ಲ ಅನ್ನಿಸಿದರೆ ಕೆಚಮ್ ಪುಸ್ತಕದ ತಂಟೆಗೆ ಹೋಗಬೇಡಿ. ಮನೆಯಲ್ಲಿ ಈಚೆಗೆ ಸಾವು ನೋವು ಆಗಿದ್ದರೂ ಬೇಡ. ಪುಸ್ತಕ ಎಲ್ಲಿಗೂ ಓಡಿಹೋಗುವುದಿಲ್ಲ.

ರಾತ್ರಿ ಓದುವುದನ್ನು ನಿಲ್ಲಿಸಿದೆ. ಬೆಳಿಗ್ಗೆ ಅಡುಗೆ ಮನೆ ಕೆಲಸ ಮುಗಿಸಿ, ಹತ್ತೂವರೆಗೆ ಜಗಲಿಯಲ್ಲಿ ಕೂತೆ. ಜಗಲಿ ಯಾಕೆ ಅಂದರೆ ಅಲ್ಲಿ ಜನ ಓಡಾಡುತ್ತಾರೆ. ಹಾಲಿನವರು ಬರುತ್ತಾರೆ, ಅಂಗಳದಲ್ಲಿ ಕೋಳಿ ಓಡಾಡುತ್ತದೆ, ಅತ್ತೆ ಅಲ್ಲೇ ಎಲೆ ಅಡಿಕೆ ಹಾಕುತ್ತ ಕೂತಿರುತ್ತಾರೆ. ಆ ನೆಲಮಾಳಿಗೆಯಲ್ಲಿ ನಾನೊಬ್ಬಳೇ ಇಲ್ಲ ಅನ್ನುವುದು ಗೊತ್ತಾಗುತ್ತಿರುತ್ತದೆ. ದಿನಕ್ಕೆ 20 ಪುಟ, ಜಾಸ್ತಿ ಇಲ್ಲ. ಪುಸ್ತಕ ಮುಚ್ಚಿದ ಕೂಡಲೇ ಕೈಗೊಂದು ಕೆಲಸ ಬೇಕು. ಹಲಸಿನ ಬೇಳೆ ಸಿಪ್ಪೆ ತೆಗೆಯುವುದೋ ದನಕ್ಕೆ ಹುಲ್ಲು ತರುವುದೋ, ಏನಾದರೂ. ಸುಮ್ನೆ ಕೂತರೆ ಓದಿದ್ದೇ ತಿರುಗಿ ತಿರುಗಿ ಬರುತ್ತದೆ.

ಜೊತೆಗೆ ಮಗಳ ಹಳೇ ನೋಟ್‌ಬುಕ್ ಇಟ್ಟುಕೊಂಡೆ. ಎಲ್ಲಿ ಮುಂದೆ ಓದಲಾಗದೆ ನಿಂತೆ ಅನ್ನುವುದನ್ನು ಪುಟದ ಸಂಖ್ಯೆ ಹಾಕಿ ಬರೆದೆ. ಯಾಕೆ ನಿಂತೆ ಅಂತಲೂ ಒಂದು ಸಾಲು. ಮೊದಲ ವಾರ ಹೆದರಿಕೆ, ಅಸಹ್ಯ, ಅಷ್ಟೇ ಇತ್ತು. ಎರಡನೇ ವಾರ ಒಂದು ಕಡೆ ಬರೆಯಲು ಕೈ ತಡವರಿಸಿತು. ಆ ಪುಟಗಳನ್ನು ನಾನು ಬೇಗ ಬೇಗ ಓದುತ್ತಿದ್ದೆ. ಮುಂದೇನು, ಮುಂದೇನು ಅಂತ. ಇದನ್ನು ಮುಚ್ಚಿಡದೆ ಹೇಳಬೇಕು ಅನ್ನಿಸುತ್ತದೆ, ಯಾಕೆಂದರೆ ಇಂಥ ಕಥೆ ಓದುವ ಎಲ್ಲರಿಗೂ ಒಂದಲ್ಲ ಒಂದು ಹೊತ್ತಿನಲ್ಲಿ ಹೀಗಾಗುತ್ತದೆ. 'ಅವಳಿಗೆ ಏನಾಯ್ತು' ಅಂತ ಕೇಳಿಕೊಂಡು ಓದುವುದು ಬೇರೆ. 'ಅವಳಿಗೆ ಇನ್ನು ಏನು ಮಾಡ್ತಾರೆ' ಅಂತ ಓದುವುದು ಬೇರೆ. ಎರಡನೆಯದು ಶುರುವಾದ ಕೂಡಲೇ ಪುಸ್ತಕ ಮುಚ್ಚಿಬಿಡುವುದು ಅಂತ ಅವತ್ತು ನಿಶ್ಚಯಿಸಿದೆ. ಮಾರನೇ ದಿನ ಮೊದಲ ಅಧ್ಯಾಯಗಳಿಗೆ ವಾಪಸ್ ಹೋದೆ. ಅಲ್ಲಿ ಕಥೆ ಹೇಳುವ ಹುಡುಗ ಹಳ್ಳದ ಬಂಡೆ ಮೇಲೆ ಮಲಗಿ, ಡಬ್ಬದಲ್ಲಿ ಏಡಿಯಂಥ ಸಣ್ಣ ಜೀವಿಗಳನ್ನು ಹಿಡಿಯುತ್ತಿರುತ್ತಾನೆ. ಆ ಹುಡುಗಿ, ಮೆಗ್, ಅವನಿಗೆ ಮೊದಲು ಸಿಗುವುದು ಆ ಬಂಡೆ ಹತ್ತಿರವೇ. ನಾವೂ ಚಿಕ್ಕವರಿದ್ದಾಗ ಹಳ್ಳದಲ್ಲಿ ಏಡಿ ಹಿಡಿದವರೇ ಅಲ್ವಾ. ಆ ಬಂಡೆ ಮೇಲಿನ ಹುಡುಗಿ ಕಣ್ಣ ಮುಂದೆ ಇದ್ದರೆ ನೆಲಮಾಳಿಗೆಯಲ್ಲಿ ಇರುವುದೂ ಅವಳೇ ಅನ್ನುವುದು ಮರೆಯುವುದಿಲ್ಲ.

ಒಳ್ಳೆಯ ಪುಸ್ತಕವನ್ನೂ ಕೆಟ್ಟದ್ದನ್ನೂ ನಾನು ಈಗ ಹೀಗೇ ಬೇರೆ ಮಾಡುವುದು. ನೋವು ಪಡುವವಳಿಗೆ ನೋವಿಗಿಂತ ಮೊದಲೂ ಒಂದು ಬದುಕು ಇದೆಯಾ? ಇಲ್ಲದಿದ್ದರೆ ಮುಂದೆ ಓದುವುದಿಲ್ಲ. ಕೆಚಮ್ ಪುಸ್ತಕದಲ್ಲಿ ಒಂದು ತೀರಾ ಚಿಕ್ಕ ಅಧ್ಯಾಯ ಇದೆ. ಕಥೆ ಹೇಳುವವನು ಇದನ್ನು ಮಾತ್ರ ಹೇಳುವುದಿಲ್ಲ ಅಂತ ಅಲ್ಲಿಗೇ ನಿಲ್ಲಿಸುತ್ತಾನೆ. ಬರೆದವರಿಗೇ ಒಂದು ಬಾಗಿಲು ಮುಚ್ಚಬೇಕು ಅನ್ನಿಸಿದೆ. ಓದುವ ನನಗೂ ಆ ಹಕ್ಕಿದೆ ಅಂದುಕೊಂಡು ಬೇರೊಂದು ಕಡೆ ಮೂರು ಪುಟ ಓದದೆ ದಾಟಿದೆ. ಇವತ್ತಿಗೂ ಓದಿಲ್ಲ. ಪೂರ್ತಿ ಓದಲೇಬೇಕು ಅಂತ ಹಟ ಹಿಡಿಯುವವರ ಮಾತಿಗೆ ನಾನು ಬೆಲೆ ಕೊಡುವುದಿಲ್ಲ.

ಒಂದು ದಿನ ಅತ್ತೆಯೇ ಕೇಳಿದರು. "ಎಂತ ಓದ್ತೀಯೇ ಮಾರಾಯ್ತಿ? ಮುಖ ಎಲ್ಲ ಬಾಡಿದೆ."

ಹಲಸಿನ ಬೇಳೆ ಸುಲಿಯುತ್ತ ಕಥೆ ಹೇಳಿದೆ. ಹೇಳಬಾರದ್ದನ್ನು ಬಿಟ್ಟು ಹೇಳಿದೆ. ಅವರು ಪೂರ್ತಿ ಕೇಳಿ, ಸ್ವಲ್ಪ ಹೊತ್ತು ಬಿಟ್ಟು, "ಆ ಬೀದೀಲಿ ಬೇರೆ ಮನೆ ಇರಲಿಲ್ವೇನೆ?" ಅಂದರು.

"ಇತ್ತು ಅತ್ತೆ."

"ಮತ್ತೆ?"

ಅವರು ಕೇಳಿದ್ದು ಅಷ್ಟೇ. ನನ್ನ ಕೈ ನಿಂತುಹೋಯಿತು.

ನನಗಾಗ ಒಂಬತ್ತು ವರ್ಷ. 1986ರ ಆಚೀಚೆ. ತವರಿನ ಪಕ್ಕದ ಮನೆಯಲ್ಲಿ ದನ ಕಾಯಲು ಒಬ್ಬ ಹುಡುಗ ಇದ್ದ. ಜೀತ ರದ್ದಾಗಿ, 1976ರಲ್ಲಿ ಕಾನೂನು ಬಂದು ಹತ್ತು ವರ್ಷವಾಗಿತ್ತು. ಹಾಗಾಗಿ ಅವನನ್ನು ಯಾರೂ ಜೀತದಾಳು ಅನ್ನುತ್ತಿರಲಿಲ್ಲ. 'ಮನೆಯಲ್ಲಿ ಇಟ್ಟುಕೊಂಡ ಹುಡುಗ' ಅನ್ನುತ್ತಿದ್ದರು. ಕೊನೆಕೊಯ್ಲಿನ ಕಾಲ. ರಾತ್ರಿ ಅವರ ಅಂಗಳದಲ್ಲಿ ಹತ್ತು ಹನ್ನೆರಡು ಹೆಂಗಸರು ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯುತ್ತಿದ್ದರು. ಹಂಡೆಯಲ್ಲಿ ಅಡಿಕೆ ಬೇಯುವ ಚೊಗರಿನ ವಾಸನೆ. ಒಣಗಿದ ಅಡಿಕೆ ಕದ್ದ ಅಂತ ಆ ಹುಡುಗನನ್ನು ಚಪ್ಪರದ ಕಂಬಕ್ಕೆ ಕಟ್ಟಿದ್ದರು. ಮನೆಯ ಯಜಮಾನರು ನನ್ನ ಕಡೆ ತಿರುಗಿ, "ಹೋಗು ಪುಟ್ಟಿ, ಬೇಲಿಯಿಂದ ಲಕ್ಕಿ ಬರಲು ಮುರ್ಕೊಂಡು ಬಾ" ಅಂದರು.

ನಾನು ಓಡಿದೆ. ಕೆಲಸ ಹೇಳಿದರಲ್ಲ ಅಂತ ಖುಷಿಯಲ್ಲೇ ಓಡಿದೆ. ಒಂದು ಕೋಲು ಮುರಿದೆ, ತೆಳ್ಳಗಿದೆ ಅನ್ನಿಸಿತು. ಬಿಸಾಕಿ ಬೇರೆಯದು ಆರಿಸಿದೆ. ಎಲೆ ಸವರಿಕೊಂಡು ತಂದುಕೊಟ್ಟೆ. ಅವನು ಕೂಗುತ್ತಿದ್ದಾಗ ಯಾವ ಹೆಂಗಸಿನ ಕೈಯೂ ನಿಲ್ಲಲಿಲ್ಲ. ಅಡಿಕೆ ಬುಟ್ಟಿಗೆ ಬೀಳುವ ಸದ್ದು ಒಂದೇ ಸಮ ಕೇಳುತ್ತಿತ್ತು. ಸುಲಿಯುವವರಲ್ಲಿ ನನ್ನ ಅಮ್ಮನೂ ಇದ್ದಳು.

ಇದು ನನಗೆ ಮರೆತೇಹೋಗಿತ್ತು ಅಂತ ಹೇಳಲಾರೆ. ನೆನಪಿತ್ತು. ಬೇರೆ ಯಾರಿಗೋ ಆದ ಸಂಗತಿಯ ಹಾಗೆ ನೆನಪಿತ್ತು. ನೋಟ್‌ಬುಕ್ ತೆಗೆದು ನೋಡಿದರೆ ನಾನು ಹೆಚ್ಚು ಸಲ ನಿಂತಿದ್ದು ರಕ್ತ ಇರುವ ಪುಟಗಳಲ್ಲಿ ಅಲ್ಲ. ಪಕ್ಕದ ಮನೆ ಹುಡುಗ ಮೆಟ್ಟಿಲ ಮೇಲೆ ಸುಮ್ನೆ ನಿಂತಿರುವ ಪುಟಗಳಲ್ಲಿ.

ಪುಸ್ತಕ ಮುಗಿಸಿದ ಮೇಲೆ ಶಿವಮೊಗ್ಗಕ್ಕೆ ಹೋದೆ. ಅಮ್ಮ ಈಗ ಅಲ್ಲಿ ಅಣ್ಣನ ಮನೆಯಲ್ಲಿದ್ದಾಳೆ. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಕೇಳಿದೆ. "ಅಮ್ಮಾ, ಆ ಹುಡುಗ ಏನಾದ?"

ಯಾವ ಹುಡುಗ ಅಂತ ಅವಳು ಕೇಳಲೇ ಇಲ್ಲ.

"ಅವತ್ತು ರಾತ್ರಿ ಗಂಜಿ ತಗೊಂಡು ಹೋಗಿದ್ದೆ. ಕೊಟ್ಟಿಗೆ ಬಾಗಿಲಲ್ಲಿ ಇಟ್ಟು ಬಂದೆ. ಒಳಗೆ ಹೋಗ್ಲಿಲ್ಲ, ಯಾರಾದ್ರೂ ನೋಡಿದ್ರೆ ಅಂತ. ಬೆಳಿಗ್ಗೆ ಪಾತ್ರೆ ಖಾಲಿ ಇತ್ತು. ಅವನೂ ಇರಲಿಲ್ಲ. ಘಟ್ಟ ಇಳಿದು ಹೋದ ಅಂದ್ರು."

"ಅವನ ಹೆಸರೇನು?"

ಅಮ್ಮ ತುಂಬ ಹೊತ್ತು ಯೋಚಿಸಿದಳು. "ಹುಡುಗ ಅಂತಲೇ ಕರೀತಿದ್ವಲ್ಲ" ಅಂದಳು.

ಅದೇ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಅವನ ಬಗ್ಗೆ ನೆನಪಿರುವುದನ್ನೆಲ್ಲ ಬರೆದಿಡುತ್ತಿದ್ದೇನೆ. ಖಾಕಿ ಚಡ್ಡಿ. ಎಡಗೈಯಲ್ಲಿ ಕವಣೆ ಬೀಸುತ್ತಿದ್ದ. ನೇರಳೆ ಹಣ್ಣು ಕಿತ್ತರೆ ನನಗೊಂದು ಬೊಗಸೆ ಕೊಡುತ್ತಿದ್ದ. ಮೇಲೆ ಹೆಸರಿಗೆ ಅಂತ ಒಂದು ಸಾಲು ಬಿಟ್ಟಿದ್ದೇನೆ. ಮುಂದಿನ ವಾರ ತವರೂರಿಗೆ ಹೋಗುವುದಿದೆ. ಅಡಿಕೆ ಸುಲಿಯಲು ಬರುತ್ತಿದ್ದವರಲ್ಲಿ ಇಬ್ಬರು ಇನ್ನೂ ಇದ್ದಾರಂತೆ.