ಬ್ರಿಟನ್ನಿನಲ್ಲಿ ಲಾರಿ ಆಪರೇಟರ್ ಲೈಸೆನ್ಸ್: ಅರ್ಜಿಗೆ ಮುಂಚಿನ ತಯಾರಿ

ನಮ್ಮ ಕಡೆ ಲಾರಿ ಪರ್ಮಿಟ್ ಒಂದು ಗಾಡಿಯ ನಂಬರಿಗೆ ಅಂಟಿಕೊಂಡಿರುತ್ತದೆ. ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡಿನಲ್ಲಿ ಲೈಸೆನ್ಸ್ ಕೊಡುವುದು ಗಾಡಿ ನಡೆಸುವವರಿಗೆ. 3.5 ಟನ್ನಿಗಿಂತ ಹೆಚ್ಚು ಒಟ್ಟು ತೂಕದ ಸರಕು ಗಾಡಿಯನ್ನು ವ್ಯಾಪಾರಕ್ಕೆ ಬಳಸಬೇಕಾದರೆ ಇದು ಬೇಕೇ ಬೇಕು. ಹಾಗಾಗಿ ಈ ಲೈಸೆನ್ಸ್ ಕೊಡುವ ಟ್ರಾಫಿಕ್ ಕಮಿಷನರ್ ಕಚೇರಿ ಕೇಳುವ ಪ್ರಶ್ನೆಗಳೆಲ್ಲ ನಿಮ್ಮ ಬಗ್ಗೆಯೇ: ಹಣ ಇದೆಯೇ, ಗಾಡಿ ನಿಲ್ಲಿಸಲು ಜಾಗ ಇದೆಯೇ, ರಿಪೇರಿ ಯಾರು ನೋಡುತ್ತಾರೆ, ಮೇಲ್ವಿಚಾರಣೆ ಯಾರದು. ನಾನು 3 ಲಾರಿಗೆ ಅರ್ಜಿ ಹಾಕಿದಾಗ ಫಾರ್ಮ್ ತುಂಬಲು ಒಂದು ಸಂಜೆ ಸಾಕಾಯಿತು. ಅದರ ಹಿಂದಿನ ಕಾಗದಪತ್ರ ಹೊಂದಿಸಲು ತಿಂಗಳುಗಳೇ ಬೇಕಾದವು.

ಮೊದಲು ಯಾವ ಬಗೆಯ ಲೈಸೆನ್ಸ್ ಎಂದು ತೀರ್ಮಾನಿಸಿ. ನಿಮ್ಮದೇ ಅಂಗಡಿಯ, ಕಾರ್ಖಾನೆಯ ಸರಕು ಮಾತ್ರ ಸಾಗಿಸುವುದಾದರೆ ರಿಸ್ಟ್ರಿಕ್ಟೆಡ್ ಸಾಕು. ಬಾಡಿಗೆ ಪಡೆದು ಬೇರೆಯವರ ಸರಕು ಒಯ್ಯುವುದಾದರೆ ಸ್ಟ್ಯಾಂಡರ್ಡ್ ನ್ಯಾಷನಲ್ ಬೇಕು, ದೇಶದ ಹೊರಗೂ ಹೋಗುವುದಾದರೆ ಸ್ಟ್ಯಾಂಡರ್ಡ್ ಇಂಟರ್‌ನ್ಯಾಷನಲ್. ರಿಸ್ಟ್ರಿಕ್ಟೆಡ್ ಇಟ್ಟುಕೊಂಡು ಸ್ನೇಹಿತರ ಸರಕನ್ನು ದುಡ್ಡಿಗೆ ಸಾಗಿಸಿದರೆ ಅದು ಅಪರಾಧ.

ಹಣದ ಲೆಕ್ಕದಲ್ಲಿ ಎಡವುವವರೇ ಹೆಚ್ಚು. ಸ್ಟ್ಯಾಂಡರ್ಡ್ ಲೈಸೆನ್ಸಿಗೆ ಮೊದಲ ಗಾಡಿಗೆ 8,000 ಪೌಂಡ್, ಆಮೇಲಿನ ಪ್ರತಿ ಗಾಡಿಗೆ 4,500 ಪೌಂಡ್ ಕೈಯಲ್ಲಿರಬೇಕು. 3 ಗಾಡಿಗೆ 17,000. ರಿಸ್ಟ್ರಿಕ್ಟೆಡ್ ಆದರೆ 3,100 ಮತ್ತು 1,700, ಅಂದರೆ 3ಕ್ಕೆ 6,500. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ನೋಡುವುದು ಕೊನೆಯ ದಿನದ ಬಾಕಿಯನ್ನಲ್ಲ, 28 ದಿನಗಳ ಸರಾಸರಿಯನ್ನು. 27 ದಿನ ಖಾತೆಯಲ್ಲಿ 6,000 ಇದ್ದು, ಕೊನೆಯ ದಿನ ಭಾವನವರಿಂದ ಸಾಲ ತಂದು 20,000 ಮಾಡಿದರೂ ಸರಾಸರಿ 6,500 ಮಾತ್ರ. ಸ್ಟ್ಯಾಂಡರ್ಡ್ ಕೇಳಿದವರಿಗೆ ಅದು ಒಂದು ಗಾಡಿಗೂ ಸಾಲದು. ಬ್ಯಾಂಕ್ ಒಪ್ಪಿದ ಓವರ್‌ಡ್ರಾಫ್ಟ್ ಮಿತಿಯನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ, ಆದರೆ ಬ್ಯಾಂಕಿನ ಪತ್ರ ಬೇಕು. ಮುಂದೆ ಬೇಕಾದೀತು ಎಂದು 5 ಗಾಡಿಗೆ ಅನುಮತಿ ಕೇಳಿದರೆ ಈಗ 3 ಇದ್ದರೂ ಹಣ 5ಕ್ಕೂ ತೋರಿಸಬೇಕು.

ಹಣಕ್ಕಿಂತ ಹೆಸರು ಹೆಚ್ಚು ಕಾಡುತ್ತದೆ. ಅರ್ಜಿ ಲಿಮಿಟೆಡ್ ಕಂಪನಿಯದು, ಬ್ಯಾಂಕ್ ಖಾತೆ ಮಾಲೀಕರ ಸ್ವಂತದ್ದು ಎಂದಾದರೆ ಆ ಸ್ಟೇಟ್‌ಮೆಂಟ್ ನಡೆಯುವುದಿಲ್ಲ. ಒಬ್ಬರೇ ಮಾಲೀಕರಾಗಿ ಲೈಸೆನ್ಸ್ ಪಡೆದು ಆಮೇಲೆ ಕಂಪನಿ ಮಾಡಿಕೊಂಡರೆ ಹಳೆಯದನ್ನು ವರ್ಗಾಯಿಸಲು ಬರುವುದಿಲ್ಲ, ಹೊಸದಾಗಿಯೇ ಅರ್ಜಿ ಹಾಕಬೇಕು. ಕಂಪನಿ ಮಾಡುವ ಯೋಚನೆ ಇದ್ದರೆ ಮೊದಲೇ ಮಾಡಿ, ಅದರ ಹೆಸರಿನಲ್ಲೇ ಖಾತೆ ತೆರೆದು, ಆಮೇಲೆ 28 ದಿನ ಎಣಿಸಿ.

ಗಾಡಿಗಳು ಕೆಲಸವಿಲ್ಲದಾಗ ನಿಲ್ಲುವ ಜಾಗಕ್ಕೆ ಆಪರೇಟಿಂಗ್ ಸೆಂಟರ್ ಎನ್ನುತ್ತಾರೆ. ಕೇಳಿದ ಅಷ್ಟೂ ಗಾಡಿ ಅಲ್ಲಿ ಹಿಡಿಸಬೇಕು, ಜಾಗ ಬಾಡಿಗೆಯದಾದರೆ ಮಾಲೀಕರ ಒಪ್ಪಿಗೆ ಬರಹದಲ್ಲಿರಬೇಕು. ಆ ಊರಿನಲ್ಲಿ ಓದುವ ಪತ್ರಿಕೆಯೊಂದರಲ್ಲಿ ಜಾಹೀರಾತು ಕೊಡಬೇಕು. ಅರ್ಜಿ ಹಾಕುವ ದಿನಕ್ಕೆ 21 ದಿನ ಹಿಂದೆ ಅಥವಾ 21 ದಿನ ಮುಂದೆ, ಅಷ್ಟರೊಳಗೆ. ಪಿನ್‌ಕೋಡಿನಂತೆ ಇಲ್ಲಿರುವ ಪೋಸ್ಟ್‌ಕೋಡ್ ತಪ್ಪಿದರೆ, ಅಥವಾ ಜಾಹೀರಾತಿನಲ್ಲಿ 2 ಗಾಡಿ ಎಂದು ಹಾಕಿ ಅರ್ಜಿಯಲ್ಲಿ 3 ಕೇಳಿದರೆ ಜಾಹೀರಾತನ್ನು ಮತ್ತೆ ಕೊಡಬೇಕಾಗುತ್ತದೆ. ಅಚ್ಚಿಗೆ ಹೋಗುವ ಮುಂಚೆ ಕರಡು ತರಿಸಿಕೊಂಡು ಅರ್ಜಿಯ ಪಕ್ಕ ಇಟ್ಟು ಒಂದೊಂದೇ ಸಾಲು ಹೋಲಿಸಿ. ಕಚೇರಿಗೆ ಕಳಿಸುವಾಗ ಜಾಹೀರಾತನ್ನು ಕತ್ತರಿಸಬೇಡಿ. ಪತ್ರಿಕೆಯ ಹೆಸರು, ದಿನಾಂಕ ಕಾಣುವಂತೆ ಇಡೀ ಪುಟ ಬೇಕು. ಪ್ರಕಟವಾದ ಮೇಲೆ 21 ದಿನದವರೆಗೆ ಅಕ್ಕಪಕ್ಕದವರು ಸದ್ದು, ಹೊಗೆ, ಹೊತ್ತಲ್ಲದ ಹೊತ್ತಿನ ಓಡಾಟದ ಬಗ್ಗೆ ತಕರಾರು ಬರೆಯಬಹುದು. ಮನೆಗಳ ನಡುವಿನ ಯಾರ್ಡ್ ಆಗಿದ್ದರೆ ಮೊದಲೇ ಅವರ ಬಾಗಿಲು ತಟ್ಟಿ ಮಾತಾಡುವುದು ಒಳ್ಳೆಯದು.

ಸ್ಟ್ಯಾಂಡರ್ಡ್ ಲೈಸೆನ್ಸಿಗೆ ಟ್ರಾನ್ಸ್‌ಪೋರ್ಟ್ ಮ್ಯಾನೇಜರ್ ಕಡ್ಡಾಯ. ನೀವೇ ಆಗುವುದಾದರೆ ಸಿಪಿಸಿ (ಸಾರಿಗೆ ನಿರ್ವಹಣೆಯ ಅರ್ಹತಾ ಪ್ರಮಾಣಪತ್ರ) ಪರೀಕ್ಷೆಯ ಎರಡು ಭಾಗ ಪಾಸಾಗಬೇಕು: ಆಯ್ಕೆ ಪ್ರಶ್ನೆಗಳಲ್ಲಿ 60ಕ್ಕೆ 42, ಕೇಸ್ ಸ್ಟಡಿಯಲ್ಲಿ 60ಕ್ಕೆ 30. ಹೊರಗಿನವರನ್ನು ನೇಮಿಸಿದರೆ ಅವರು ಒಟ್ಟು 4 ಆಪರೇಟರ್, 50 ಗಾಡಿಗಿಂತ ಹೆಚ್ಚು ನೋಡುವಂತಿಲ್ಲ. 3ರಿಂದ 5 ಗಾಡಿಗೆ ವಾರಕ್ಕೆ 4ರಿಂದ 8 ಗಂಟೆ ಕೊಡಬೇಕೆಂಬುದು ಕಮಿಷನರ್‌ಗಳ ಮಾರ್ಗಸೂಚಿ. ಹೆಸರಿಗೆ ಮಾತ್ರ ಒಬ್ಬರನ್ನು ಇಟ್ಟುಕೊಳ್ಳುವ ದಾರಿ ಹಿಡಿಯಲೇಬೇಡಿ; ಸಿಕ್ಕಿಬಿದ್ದರೆ ಅವರ ಹೆಸರೂ ಹೋಗುತ್ತದೆ, ನಿಮ್ಮ ಲೈಸೆನ್ಸೂ ಹೋಗುತ್ತದೆ.

ರಿಪೇರಿಯ ಏರ್ಪಾಡಿಗೆ ಗ್ಯಾರೇಜಿನ ಜೊತೆ ಸಹಿ ಮಾಡಿದ ಕರಾರು ಬೇಕು. ಕರಾರು ಇದ್ದರೂ ಗಾಡಿ ಕೆಟ್ಟರೆ ಹೊಣೆ ನಿಮ್ಮದೇ. ಎಷ್ಟು ವಾರಕ್ಕೊಮ್ಮೆ ತಪಾಸಣೆ ಎಂದು ಅರ್ಜಿಯಲ್ಲಿ ಬರೆಯಬೇಕು. ಗಾಡಿಯ ವಯಸ್ಸು, ಹೊರೆ, ಓಡುವ ದೂರ ನೋಡಿ ಇದನ್ನು ನಿರ್ಧರಿಸಬೇಕು. 12 ವರ್ಷ ದಾಟಿದ ಗಾಡಿಗೆ ಕನಿಷ್ಠ 6 ವಾರಕ್ಕೊಮ್ಮೆ. ಖರ್ಚು ಉಳಿಯಲಿ ಎಂದು 10 ವಾರ ಬರೆದು ಆಮೇಲೆ ವಿವರಣೆ ಕೊಡಲು ಪರದಾಡುವುದಕ್ಕಿಂತ, ಹಳೆ ಗಾಡಿ ಕೊಳ್ಳುವವರು 6 ವಾರವನ್ನೇ ಲೆಕ್ಕದಲ್ಲಿ ಹಿಡಿಯಲಿ. ಮುಂದಿನ 6 ತಿಂಗಳ ತಪಾಸಣೆ ದಿನಾಂಕಗಳನ್ನು ಗೋಡೆಯ ಮೇಲೊ ಕಂಪ್ಯೂಟರಿನಲ್ಲೊ ಗುರುತು ಮಾಡಿಡಿ. ಡ್ರೈವರ್ ಬೆಳಿಗ್ಗೆ ಗಾಡಿ ಸುತ್ತ ನೋಡಿ ತುಂಬುವ ಚೀಟಿಯ ನಮೂನೆಯೂ ಸಿದ್ಧವಿರಲಿ. ದೋಷ ಕಂಡದ್ದು, ಅದನ್ನು ಸರಿಪಡಿಸಿದ್ದು ಎರಡಕ್ಕೂ ಅದರಲ್ಲಿ ಜಾಗವಿರಬೇಕು. ಈ ದಾಖಲೆಗಳನ್ನು 15 ತಿಂಗಳು ಇಡಬೇಕು. ಟ್ಯಾಕೊಗ್ರಾಫ್ (ಗಾಡಿ ಓಡಿದ ಹೊತ್ತು, ವೇಗ, ಡ್ರೈವರ್ ವಿಶ್ರಾಂತಿ ದಾಖಲಿಸುವ ಯಂತ್ರ) ಇರುವ ಗಾಡಿಗೆ ಡ್ರೈವರ್ ಕಾರ್ಡಿನ ದಾಖಲೆಯನ್ನು 28 ದಿನದೊಳಗೆ, ಗಾಡಿಯ ಯಂತ್ರದ ದಾಖಲೆಯನ್ನು 90 ದಿನದೊಳಗೆ ಡೌನ್‌ಲೋಡ್ ಮಾಡುವವರು ಯಾರು ಎಂಬುದೂ ಈಗಲೇ ಗೊತ್ತಾಗಿರಲಿ.

ಅರ್ಜಿ ಶುಲ್ಕ 257 ಪೌಂಡ್, ತಿರಸ್ಕಾರವಾದರೂ ಅದು ವಾಪಸ್ ಬರುವುದಿಲ್ಲ. ಮಂಜೂರಾದರೆ ಇನ್ನು 401. ಹಳೆಯ ದಿವಾಳಿ, ಶಿಕ್ಷೆ, ಹಿಂದೆ ಕಳೆದುಕೊಂಡ ಲೈಸೆನ್ಸ್ ಇದ್ದರೆ ಬರೆಯಿರಿ. ಮುಚ್ಚಿಟ್ಟದ್ದು ಬೆಳಕಿಗೆ ಬಂದರೆ ಮೂಲ ತಪ್ಪಿಗಿಂತ ಅದೇ ದೊಡ್ಡದಾಗುತ್ತದೆ. ಮಂಜೂರಾತಿ ಬರುವ ಮುಂಚೆ ಒಂದೇ ಒಂದು ಸರಕು ಸಾಗಿಸಿದರೂ ಗಾಡಿಯನ್ನು ಜಪ್ತಿ ಮಾಡಬಹುದು. ಗಾಡಿ ಇಲ್ಲದೆಯೂ ಅರ್ಜಿ ಹಾಕಬಹುದಾದ್ದರಿಂದ, ಲಾರಿ ಸಾಲದ ಕಂತು ಶುರುವಾಗುವುದು ಲೈಸೆನ್ಸ್ ಕೈಗೆ ಬಂದ ಮೇಲೆ ಎನ್ನುವಂತೆ ದಿನಾಂಕ ಗೊತ್ತುಮಾಡಿಕೊಳ್ಳಿ.