ಬರ್ಲಿನ್‌ನಲ್ಲಿ ಕಂಪನಿ ನೋಂದಾಯಿಸಿದ ನನ್ನ ಅನುಭವ

ಬರ್ಲಿನ್‌ನಲ್ಲಿ ಗೆಳೆಯನೊಬ್ಬನೊಂದಿಗೆ ಸೇರಿ ಸಾಫ್ಟ್‌ವೇರ್ ಕಂಪನಿ ಆರಂಭಿಸಲು ಹೊರಟಾಗ ನಮ್ಮ ಮುಂದೆ ಎರಡು ದಾರಿಗಳಿದ್ದವು. 2008ರಲ್ಲಿ ಜಾರಿಗೆ ಬಂದ ‘ಯುಜಿ’ ಎಂಬ, ಸೀಮಿತ ಹೊಣೆಗಾರಿಕೆಯ ಕಿರು ಮಾದರಿಯ ಕಂಪನಿಯನ್ನು ಒಂದೇ ಯೂರೋ ಬಂಡವಾಳದಿಂದಲೂ ತೆರೆಯಬಹುದು; ಆದರೆ ಹೆಸರಿನಲ್ಲೇ ಆ ಗುರುತನ್ನು ಹೊತ್ತಿರಬೇಕಾದ್ದರಿಂದ ದೊಡ್ಡ ಗ್ರಾಹಕರು ಹಿಂದೆಮುಂದೆ ನೋಡುತ್ತಾರೆಂಬ ಅಳುಕು ನಮಗಿತ್ತು. ಹಾಗಾಗಿ 25,000 ಯೂರೋ ಷೇರು ಬಂಡವಾಳ ಬೇಡುವ ‘ಜಿಎಂಬಿಎಚ್’ ಎಂಬ ಪೂರ್ಣ ಪ್ರಮಾಣದ ಸೀಮಿತ ಹೊಣೆಗಾರಿಕೆಯ ಕಂಪನಿಯನ್ನೇ ಆರಿಸಿಕೊಂಡೆವು. ನೋಂದಣಿಗೆ ಮುನ್ನ ಅದರ ಅರ್ಧ, ಅಂದರೆ 12,500 ಯೂರೋ ಕಟ್ಟಿದರೆ ಸಾಕು. ಉಳಿದರ್ಧ ಮನ್ನಾ ಆಯಿತೆಂದು ನಾನು ತಿಳಿದಿದ್ದೆ. ಆದರೆ ಅದು ಕಂಪನಿಗೆ ನಾವು ಉಳಿಸಿಕೊಂಡ ಬಾಕಿ, ಕಂಪನಿ ದಿವಾಳಿಯಾದರೂ ನಮ್ಮಿಂದ ವಸೂಲಾಗುವಂಥದ್ದು.

ನೋಟರಿ ಎಂದರೆ ಕೋರ್ಟಿನ ಆವರಣದಲ್ಲಿ ಸೀಲು ಹಿಡಿದು ಕೂತವರು ಎಂಬ ಚಿತ್ರವೇ ನನ್ನ ತಲೆಯಲ್ಲಿತ್ತು. ಇಲ್ಲಿಯ ನೋಟರಿ ನಮ್ಮನ್ನು ಎದುರಿಗೆ ಕೂರಿಸಿಕೊಂಡು ಕಂಪನಿ ಸ್ಥಾಪನೆಯ ಇಡೀ ಒಪ್ಪಂದವನ್ನು, ಒಂದಕ್ಷರವೂ ಬಿಡದಂತೆ, ಜರ್ಮನ್‌ನಲ್ಲಿ ಗಟ್ಟಿಯಾಗಿ ಓದಿದರು; ಓದಲೇಬೇಕೆಂಬುದು ಕಾನೂನು. ನನ್ನ ಜರ್ಮನ್ ಸಾಲದೆಂದು ದುಭಾಷಿಯೊಬ್ಬರನ್ನು ಗೊತ್ತುಮಾಡಿದ್ದರಿಂದ ಪ್ರತಿ ಕಲಮನ್ನೂ ಎರಡೆರಡು ಸಲ ಕೇಳಿದೆವು. 2022ರ ಆಗಸ್ಟ್‌ನಿಂದ ಈ ಕೆಲಸವನ್ನು ವಿಡಿಯೊ ಮೂಲಕವೂ ಮಾಡಬಹುದು, ಆದರೆ ಅಲ್ಲಿಯೂ ಓದುವುದು ತಪ್ಪಿಲ್ಲ.

ನಿಜವಾದ ಪರದಾಟ ಆಮೇಲಿನದು. ನೋಟರಿಯ ಪತ್ರವಿಲ್ಲದೆ ಬ್ಯಾಂಕು ಖಾತೆ ತೆರೆಯುವುದಿಲ್ಲ, ಖಾತೆಗೆ ಹಣ ಬಾರದೆ ಅರ್ಜಿ ನ್ಯಾಯಾಲಯದ ವಾಣಿಜ್ಯ ರಿಜಿಸ್ಟರಿಗೆ ಹೋಗುವುದಿಲ್ಲ. ನಮ್ಮ ಬ್ಯಾಂಕು ಕಾಗದಪತ್ರ ಪರಿಶೀಲಿಸುತ್ತ ಮೂರು ವಾರ ಕಳೆಯಿತು. ನೋಂದಣಿಯಾಗುವವರೆಗೆ ಕಂಪನಿಯ ಹೆಸರಿನ ಕೊನೆಯಲ್ಲಿ ‘ಸ್ಥಾಪನೆಯಲ್ಲಿದೆ’ ಎಂದು ಸೂಚಿಸುವ ಎರಡಕ್ಷರ ಇರುತ್ತವೆ. ಆ ಅವಧಿಯಲ್ಲಿ ಕಂಪನಿಯ ಪರವಾಗಿ ಸಹಿ ಹಾಕಿದವರು ಸ್ವಂತ ಆಸ್ತಿಯಿಂದಲೂ ಹೊಣೆಗಾರರಾಗಬಹುದು. ಕಚೇರಿಯ ಬಾಡಿಗೆ ಕರಾರನ್ನು ನಾವು ಮುಂದೂಡಿದ್ದು ಇದೇ ಕಾರಣಕ್ಕೆ, ಅದರಿಂದ ಒಳ್ಳೆಯ ಜಾಗವೊಂದು ಕೈತಪ್ಪಿತು.

ವರ್ಷದ ನಂತರ ಮೊದಲ ಎಂಜಿನಿಯರ್‌ಗೆ ಶೇಕಡಾ 3ರಷ್ಟು ಪಾಲು ಕೊಡಲು ಬಯಸಿದಾಗ, ಷೇರಿನ ಸಣ್ಣ ವರ್ಗಾವಣೆಗೂ ಮತ್ತೆ ನೋಟರಿಯ ಬಳಿಗೇ ಹೋಗಬೇಕೆಂದು ತಿಳಿಯಿತು. ಜೊತೆಗೆ, ಕೈಗೆ ಕಾಸು ಬರುವ ಮೊದಲೇ ಆಕೆಯ ಮೇಲೆ ತೆರಿಗೆ ಬೀಳುವ ಭಯ. ಕೊನೆಗೆ ಇಲ್ಲಿಯ ಅನೇಕ ಸ್ಟಾರ್ಟಪ್‌ಗಳಂತೆ ನಾವೂ ‘ವರ್ಚುವಲ್ ಷೇರು’ ಒಪ್ಪಂದ ಬರೆದೆವು: ಕಂಪನಿ ಮಾರಾಟವಾದರೆ ಹಣ ಬರುತ್ತದೆ, ಮತದಾನದ ಹಕ್ಕಿಲ್ಲ.

“ಹಾಗಾದರೆ ನಾನು ಪಾಲುದಾರಳೋ ಅಲ್ಲವೋ?” ಎಂದು ಆಕೆ ಕೇಳಿದರು. ಕಾನೂನಿನ ಲೆಕ್ಕದಲ್ಲಿ ಅಲ್ಲ ಎಂದೆ. ಆಕೆ ಇನ್ನೊಂದು ದಿನ ಸಮಯ ಕೇಳಿ, ಮರುದಿನ ಸಹಿ ಹಾಕಿದರು.