ಕನ್ನಡ ಶಾಲೆಗೆ ಹೋಗುವ ಮಕ್ಕಳಿರುವ ಮನೆಗೆ ಟ್ಯಾಬೋ, ಲ್ಯಾಪ್‌ಟಾಪೋ?

ಕಾಸರಗೋಡಿನ ಮಂಜೇಶ್ವರ, ಬದಿಯಡ್ಕ, ಮುಳ್ಳೇರಿಯ ಕಡೆಯ ಮನೆಗಳಲ್ಲಿ ಈ ಪ್ರಶ್ನೆ ಬಂದರೆ ಮಗು ಎಷ್ಟನೇ ಕ್ಲಾಸು ಎಂದು ಮೊದಲು ನೋಡಿ. ಬೆಲೆಯ ಮಾತು ಆಮೇಲೆ. ಕೇರಳದ ಶಾಲೆಗಳಲ್ಲಿ ಐಟಿ ಪಾಠ ನಡೆಯುವುದು ಕೇರಳ ಸರಕಾರದ ಕೈಟ್ ಸಂಸ್ಥೆ ಉಚಿತವಾಗಿ ಕೊಡುವ, ಉಬುಂಟು ಆಧಾರಿತ ಲಿನಕ್ಸ್‌ನಲ್ಲಿ (ವಿಂಡೋಸಿನ ಬದಲಿಗೆ ಬಳಸುವ ಆಪರೇಟಿಂಗ್ ಸಿಸ್ಟಮ್). ಚಿತ್ರ ಬಿಡಿಸುವ ಇಂಕ್‌ಸ್ಕೇಪ್, ಫೋಟೋ ತಿದ್ದುವ ಜಿಂಪ್, ಬರೆಯುವ ಲಿಬ್ರೆ ಆಫೀಸ್, ಪ್ರೋಗ್ರಾಮಿಂಗ್ ಕಲಿಯುವ ಪೈಥಾನ್ ಎಲ್ಲ ಅದರೊಳಗೇ ಇವೆ. ಎಸ್ಸೆಸ್ಸೆಲ್ಸಿಯ ಐಟಿ ಪರೀಕ್ಷೆ ಬರೆಯುವುದೂ ಕಂಪ್ಯೂಟರಿನಲ್ಲೇ. ಈ ಲಿನಕ್ಸನ್ನು ಆಂಡ್ರಾಯ್ಡ್ ಟ್ಯಾಬಿಗೆ ಹಾಕಲು ಬರುವುದಿಲ್ಲ. ಆದ್ದರಿಂದ ಎಂಟನೇ ಕ್ಲಾಸಿನಿಂದ ಮೇಲೆ ಲ್ಯಾಪ್‌ಟಾಪೇ ಸರಿ.

ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ: ಇದಕ್ಕಿಂತ ಕಡಿಮೆಯದು ಬೇಡ. ಸ್ನಾಪ್‌ಡ್ರಾಗನ್ ಪ್ರೊಸೆಸರಿನ ಲ್ಯಾಪ್‌ಟಾಪಿನಲ್ಲಿ ಶಾಲೆಯ ಲಿನಕ್ಸ್ ಓಡುವುದಿಲ್ಲ. ಎಸ್‌ಎಸ್‌ಡಿಯ ಬದಲು 64 ಜಿಬಿ ಇಎಂಎಂಸಿ (ಅಗ್ಗದ ಸಂಗ್ರಹ ಚಿಪ್) ಇರುವ ಅಗ್ಗದ ಮಾದರಿಯನ್ನು ವಿಂಡೋಸ್ ಅಪ್‌ಡೇಟುಗಳೇ ತುಂಬಿಸಿಬಿಡುತ್ತವೆ. ರ‍್ಯಾಮ್ ಬೋರ್ಡಿಗೆ ಬೆಸುಗೆಯಾಗಿದೆಯೋ, ಖಾಲಿ ಸ್ಲಾಟ್ ಇದೆಯೋ ಎಂದು ಅಂಗಡಿಯಲ್ಲೇ ಕೇಳಿ.

ಲಿನಕ್ಸ್ ಹಾಕುವ ಮೊದಲು, ಅದನ್ನು ತುಂಬಿಸಿದ 16 ಜಿಬಿ ಪೆನ್‌ಡ್ರೈವಿನಿಂದ ಲ್ಯಾಪ್‌ಟಾಪನ್ನು ಬೂಟ್ ಮಾಡಿ, ಇನ್‌ಸ್ಟಾಲ್ ಮಾಡದೆಯೇ ವೈಫೈ, ಸೌಂಡ್, ಟಚ್‌ಪ್ಯಾಡ್ ಪರೀಕ್ಷಿಸಿ. ವಿಂಡೋಸನ್ನೂ ಉಳಿಸಿಕೊಳ್ಳುವುದಾದರೆ ಅದರ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಸುಮಾರು 60 ಜಿಬಿ ಜಾಗ ಬಿಡಿಸಿ. ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಆನ್ ಇದ್ದರೆ ಅದರ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಡಲೇಬೇಕು. ಬಯೋಸ್ (ಕಂಪ್ಯೂಟರ್ ಶುರುವಾಗುವಾಗಿನ) ಸೆಟ್ಟಿಂಗ್ ಬದಲಾದರೆ ವಿಂಡೋಸ್ ಆ ಕೀ ಕೇಳುತ್ತದೆ. ಅದಿಲ್ಲದಿದ್ದರೆ ಒಳಗಿನ ಫೈಲುಗಳು ಸಿಕ್ಕುವುದಿಲ್ಲ.

ಚಿಕ್ಕ ಮಕ್ಕಳಿಗೆ, ಪೇಪರ್ ಓದುವ, ವಿಡಿಯೋ ಕಾಲ್ ಮಾಡುವ ಅಜ್ಜ ಅಜ್ಜಿಯರಿಗೆ ಟ್ಯಾಬ್ ಸಾಕು. ಹತ್ತು ಇಂಚಿನ ಪರದೆ, 128 ಜಿಬಿ ಇರಲಿ. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇಲ್ಲದಿದ್ದರೆ ಸಿಮ್ ಹಾಕುವ ಮಾದರಿಯನ್ನೇ ಕೇಳಿ. ಕೀಬೋರ್ಡ್ ಕವರ್ ಬೇಕೆನಿಸಿತೆಂದರೆ, ಬೇಕಾದದ್ದು ಲ್ಯಾಪ್‌ಟಾಪ್ ಎಂದೇ ಅರ್ಥ. ಇನ್ನೊಂದು ತೊಂದರೆ: ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ ವರ್ಡ್ ಫೈಲು ಟ್ಯಾಬಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಕಳುಹಿಸುವವರು ಯುನಿಕೋಡಿಗೆ ಬದಲಿಸಬೇಕು, ಇಲ್ಲವೇ ಪಿಡಿಎಫ್ ಮಾಡಿ ಕೊಡಬೇಕು.

ಧ್ವನಿ ಸಹಾಯಕಗಳಲ್ಲಿ ಗೂಗಲ್‌ನ ಜೆಮಿನಿ ಕನ್ನಡದಲ್ಲಿ ಮಾತಾಡುತ್ತದೆ. ಅಮೆಜಾನ್‌ನ ಅಲೆಕ್ಸಾಗೆ ಇಂಗ್ಲಿಷ್ ಇಲ್ಲವೇ ಹಿಂದಿ ಬೇಕು. ಮಾತಾಡಿ ಬರೆಸಲು ಟ್ಯಾಬಿನ ಗೂಗಲ್ ಕೀಬೋರ್ಡ್ ಆದ ಜಿಬೋರ್ಡ್ ಸೆಟ್ಟಿಂಗಿನಲ್ಲಿ ಕನ್ನಡ ಸೇರಿಸಿ ಮೈಕ್ ಒತ್ತಿ. ಲ್ಯಾಪ್‌ಟಾಪಿನಲ್ಲಾದರೆ ಕ್ರೋಮ್‌ನಲ್ಲಿ ಗೂಗಲ್ ಡಾಕ್ಸ್ ತೆರೆದು ಕಂಟ್ರೋಲ್, ಶಿಫ್ಟ್, ಎಸ್ ಒಟ್ಟಿಗೆ ಒತ್ತಿ, ಮೈಕಿನ ಮೇಲೆ ಕನ್ನಡ ಆರಿಸಿ. ಪೂರ್ಣವಿರಾಮ, ಅಲ್ಪವಿರಾಮ ಕೈಯಿಂದಲೇ ಹಾಕಬೇಕು. ನಮ್ಮಲ್ಲಿ ಒಂದೇ ವಾಕ್ಯದೊಳಗೆ ತುಳು, ಮಲಯಾಳ ಎರಡೂ ಬರುತ್ತವೆ. ಯಂತ್ರ ಎಡವುವುದು ಅಲ್ಲೇ. ಹವ್ಯಕರ ಮನೆಮಾತಿನಲ್ಲಿ ‘ಎನಗೆ ಹೋಯೆಕ್ಕು’ ಎಂದರೂ ಅದಕ್ಕೆ ತಿಳಿಯದು, ‘ನಾನು ಹೋಗಬೇಕು’ ಎಂದರೆ ಬರೆಯುತ್ತದೆ. ಮನೆಮಾತು ತಪ್ಪೆಂದು ಮಗುವಿಗೆ ಅನ್ನಿಸದಂತೆ ಇದನ್ನು ಬಿಡಿಸಿ ಹೇಳಿ. ಆಟಿಯ ಮಳೆ ಶೀಟಿನ ಮಾಡಿಗೆ ಹೊಡೆಯುವಾಗ ಮೈಕನ್ನು ಬಾಯಿಗೆ ಒಂದು ಗೇಣಿನಷ್ಟು ಹತ್ತಿರಕ್ಕೆ ತನ್ನಿ, ಅಥವಾ ವಯರಿನ ಇಯರ್‌ಫೋನ್ ಬಳಸಿ.

ಯುಪಿಐ ಪಿನ್, ಒಟಿಪಿ ಧ್ವನಿಯಲ್ಲಿ ಹೇಳುವುದು ಬೇಡ. ಗೂಗಲ್ ಖಾತೆಯ ವೆಬ್ ಮತ್ತು ಆ್ಯಪ್ ಚಟುವಟಿಕೆಯಲ್ಲಿ ಧ್ವನಿ ಉಳಿಸುವ ಗುರುತು ತೆಗೆಯಿರಿ. ಅಲೆಕ್ಸಾ ಆ್ಯಪಿನಲ್ಲಿ ಧ್ವನಿ ಖರೀದಿ ಆಫ್ ಮಾಡಿ. ಅಲೆಕ್ಸಾ ಇರುವ ಎಕೋ ಸ್ಪೀಕರಿನ ಮೇಲಿನ ಮೈಕ್ ಬಟನ್ ಒತ್ತಿದಾಗ ಕೆಂಪು ದೀಪ ಬಂದರೆ ಅದು ಕೇಳಿಸಿಕೊಳ್ಳುತ್ತಿಲ್ಲ.